ಅಂಗಡಿ ಬಿಟ್ಟು ಖಾರ ಕುಟ್ಟಿದರೆ ನಡೆದೀತೇ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಗಂಡ-ಹೆಂಡತಿ ಸೇರಿ ಎಂಟು ವರ್ಷದಿಂದ ಮಸಾಲಿ ಖಾರ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಪ್ಪಳ-ಸಂಡಿಗೆ ಮಾಡಿ ಮಾರುತ್ತೇವೆ. ಬಾಡಿಗೆ ಅಂಗಡಿ, ಅದರ ಹಿಂದೆ ಸಣ್ಣ ಗಿರಣಿ. ವರ್ಷದ ವ್ಯಾಪಾರ ಸುಮಾರು 26 ಲಕ್ಷ. ಅದರಲ್ಲಿ 17 ಲಕ್ಷ ಫೆಬ್ರುವರಿಯಿಂದ ಮೇ ತನಕದ ನಾಲ್ಕು ತಿಂಗಳಲ್ಲೇ ಆಗುತ್ತದೆ. ಸರಕಿನ ಖರ್ಚು, ಪ್ಯಾಕಿಂಗ್ ಕಳೆದರೆ ನೂರು ರೂಪಾಯಿ ವ್ಯಾಪಾರಕ್ಕೆ 22 ರೂಪಾಯಿ ಉಳಿಯುತ್ತದೆ. ತಿಂಗಳ ಬಾಡಿಗೆ 14,000, ಅರ್ಧ ದಿನ ಬರುವ ಇಬ್ಬರು ಹೆಣ್ಣುಮಕ್ಕಳ ಪಗಾರ ಸೇರಿ 18,000, ಕರೆಂಟ್ 2,500. ಖಾನಾವಳಿ, ಹೋಟೆಲುಗಳಲ್ಲಿ 2.30 ಲಕ್ಷ ಉದ್ರಿ ನಿಂತಿದೆ. ನನ್ನ ತಮ್ಮ ಒಂದು ಬಿಸಿನೆಸ್ ತರಬೇತಿಗೆ ಹೋಗಿ ಬಂದ ಮೇಲೆ, ವಿದ್ಯಾನಗರದಲ್ಲಿ ಎರಡನೇ ಅಂಗಡಿ ಹಾಕು, 10 ಲಕ್ಷ ಸಾಲ ತೆಗಿ, ಡೆಲಿವರಿ ಆ್ಯಪ್‌ಗೆ ಸೇರು, ಆಫರ್ ಕೊಡು, ವ್ಯಾಪಾರದ ನಿಯಮವೇ ಹೀಗೆ ಎನ್ನುತ್ತಾನೆ. ನನಗೆ ಅನಿಸುವುದು ಉಲ್ಟಾ. ಅಂಗಡಿ ಬಿಟ್ಟು, ಆರ್ಡರ್ ಕೊಟ್ಟವರಿಗಷ್ಟೇ ನಾಲ್ಕು ತಿಂಗಳು ಖಾರ ಕುಟ್ಟಿಕೊಟ್ಟು, ಉಳಿದ ಎಂಟು ತಿಂಗಳು ಬಾಗಿಲು ಹಾಕಬೇಕು. ಉದ್ರಿ ಬಂದ್. ನಗದು ಮಾತ್ರ, ಸ್ಕ್ಯಾನರ್ ಬೇಡ, ಲೆಕ್ಕದ ಪುಸ್ತಕದ ಗೊಡವೆಯೂ ಬೇಡ. ನಮ್ಮ ಮನೆಯವರು ಮಾತ್ರ, “ಬೋರ್ಡ್ ಇಲ್ಲದವರ ಮನಿಗೆ ಕನ್ಯಾ ಯಾರು ಕೊಡ್ತಾರ?” ಅಂತ ಕೇಳುತ್ತಾರೆ. ಮಗ ಲಗ್ನಕ್ಕೆ ಬಂದಿದ್ದಾನೆ. ನಿಯಮ ಬಿಟ್ಟು ವ್ಯಾಪಾರ ಮಾಡಿದರೆ ನಡೆದೀತೇ?

ಉತ್ತರ: ಅಕ್ಕಾರೇ, ನಡೆದೀತು. ಅಂಗಡಿ ಬಿಡುವ ವಿಚಾರ ಸರಿಯಿದೆ. ಉದ್ರಿ ಬಂದ್ ಮಾಡುವುದು ಇನ್ನೂ ಸರಿ, ತಡವಾಯಿತು ಅಷ್ಟೇ. ಎಂಟು ತಿಂಗಳು ಬಾಗಿಲು ಹಾಕುವುದು ಅರ್ಧ ಸರಿ. ಸ್ಕ್ಯಾನರ್ ಬೇಡ, ಲೆಕ್ಕದ ಪುಸ್ತಕ ಬೇಡ ಎಂಬ ಕಡೆಯ ಎರಡು ಮಾತುಗಳನ್ನು ಮಾತ್ರ ಈಗಲೇ ಕೈಬಿಡಿ. ಅವನ್ನು ಹಿಡಿದುಕೊಂಡರೆ ಉಳಿದ ಮೂರೂ ಕೆಡುತ್ತವೆ.

ನಿಮ್ಮ ತಮ್ಮನ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ ವಿಜಯ ಸಂಕೇಶ್ವರರು ಮುಂದೆ ಹುಬ್ಬಳ್ಳಿಯಿಂದ ದೇಶದ ತುಂಬ ಲಾರಿ ಓಡಿಸಿದ್ದನ್ನು ಕಂಡ ಊರು ನಮ್ಮದು. ಬೆಳೆಯಬೇಕು, ಹರಡಬೇಕು ಎನ್ನುವವರಿಗೆ ಈ ಕಡೆ ಬೇರೆ ಉದಾಹರಣೆಯೇ ಬೇಕಿಲ್ಲ. ಆದರೆ ಸಾಗಾಣಿಕೆಯ ಧಂದೆಯಲ್ಲಿ ಎರಡನೇ ಊರು ಸೇರಿದರೆ ಮೊದಲನೇ ಲಾರಿಯ ಗಳಿಕೆಯೂ ಏರುತ್ತದೆ, ಯಾಕೆಂದರೆ ಖಾಲಿ ಬರುತ್ತಿದ್ದ ಲಾರಿ ತುಂಬಿಕೊಂಡು ಬರುತ್ತದೆ. ಖಾರದ ಅಂಗಡಿಗೆ ಎರಡನೇ ಅಂಗಡಿ ಸೇರಿದರೆ ಎರಡನೇ ಬಾಡಿಗೆ ಸೇರುತ್ತದೆ. ಮಾರ್ಚ್ ತಿಂಗಳು ವರ್ಷಕ್ಕೆ ಎರಡು ಸಲ ಬರುವುದಿಲ್ಲ.

ಧಾರವಾಡದ ಪೇಢೆಯನ್ನೇ ನೋಡಿ. ಲೈನ್ ಬಜಾರಿನ ಠಾಕೂರ ಮನೆತನದವರು ಮಾಡಿದಷ್ಟು ಮಾರಿ, ಮುಗಿದರೆ ಮುಗಿಯಿತು ಎಂದು ಬಾಗಿಲು ಹಾಕಿಕೊಂಡೇ ಹೆಸರು ಉಳಿಸಿಕೊಂಡರು. ಜನ ಸರತಿಯಲ್ಲಿ ನಿಂತರು. ಅದೇ ಊರಿನ ಮಿಶ್ರಾದವರು ಊರೂರಿಗೆ ಅಂಗಡಿ ಹಾಕಿದರು. ಎರಡೂ ನಡೆದಿವೆ. ಹಾಗಾಗಿ ಹರಡುವುದೇ ನಿಯಮ ಎನ್ನುವವರ ಮಾತೂ ಪೂರ್ತಿ ಸತ್ಯವಲ್ಲ, ಸಣ್ಣದಾಗಿರುವುದೇ ಶ್ರೇಷ್ಠ ಎನ್ನುವವರ ಮಾತೂ ಪೂರ್ತಿ ಸತ್ಯವಲ್ಲ. ಯಾವ ನಿಯಮ ಯಾರ ಹೊಟ್ಟೆ ತುಂಬಿಸುತ್ತದೆ ಎಂದು ಕೇಳಬೇಕು. ಹನ್ನೆರಡು ತಿಂಗಳು ಬಾಗಿಲು ತೆರೆದಿರಬೇಕು ಎಂಬುದರಿಂದ ಖಾತ್ರಿ ಲಾಭ ಅಂಗಡಿ ಮಾಲೀಕನಿಗೆ. ಆಫರ್ ಕೊಡಬೇಕು ಎಂಬುದರಿಂದ ಆ್ಯಪ್‌ನವರಿಗೆ. ಕಾನೂನಿನ ನಿಯಮ ಬೇರೆ ಜಾತಿಯದು, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀವು ಕೊಟ್ಟ ಅಂಕಿಗಳು.

ವರ್ಷಕ್ಕೆ 26 ಲಕ್ಷದ ಮೇಲೆ ಶೇ 22 ಅಂದರೆ 5,72,000. ಬಾಡಿಗೆ, ಪಗಾರ, ಕರೆಂಟ್ ಸೇರಿ ತಿಂಗಳಿಗೆ 34,500, ವರ್ಷಕ್ಕೆ 4,14,000. ಉಳಿದದ್ದು 1,58,000. ಇದನ್ನು ನಿಮ್ಮಿಬ್ಬರಿಗೆ ಹಂಚಿದರೆ ತಲೆಗೆ ತಿಂಗಳಿಗೆ 6,583 ರೂಪಾಯಿ. ಅರ್ಧ ದಿನ ಬರುವ ಹೆಣ್ಣುಮಕ್ಕಳಿಗೆ ನೀವು 9,000 ಕೊಡುತ್ತೀರಿ. ಮುಂಜಾನೆಯಿಂದ ರಾತ್ರಿ ತನಕ ನಿಲ್ಲುವ ನಿಮ್ಮದೇ ಆ ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಪಗಾರ. ನಿಮ್ಮ ತಮ್ಮ ಇದನ್ನು ಒಮ್ಮೆ ನೋಡಲಿ.

ಈಗ ವರ್ಷವನ್ನು ಎರಡು ಭಾಗ ಮಾಡೋಣ. ಜೂನಿನಿಂದ ಜನವರಿ ತನಕದ ಎಂಟು ತಿಂಗಳಲ್ಲಿ ವ್ಯಾಪಾರ 9 ಲಕ್ಷ, ಅದರ ಮೇಲೆ ಉಳಿತಾಯ 1,98,000, ಖರ್ಚು 2,76,000. ಅಂದರೆ ಆ ಎಂಟು ತಿಂಗಳು ಅಂಗಡಿ ತೆರೆದಿದ್ದಕ್ಕೆ ನೀವು ಕೈಯಿಂದ 78,000 ಕೊಟ್ಟಿದ್ದೀರಿ. ಬೇಸಿಗೆಯ ನಾಲ್ಕು ತಿಂಗಳಲ್ಲಿ 3,74,000 ಉಳಿದು, 1,38,000 ಖರ್ಚು ಹೋಗಿ, 2,36,000 ಕೈಗೆ ಬಂದಿತ್ತು. ಅದರಿಂದಲೇ ಮಳೆಗಾಲದ ಅಂಗಡಿಯನ್ನು ಸಾಕಿದ್ದೀರಿ.

ಹಾಗಂತ ಅಂಗಡಿ ಬಿಟ್ಟರೆ ಸೀಜನ್ನಿನ 17 ಲಕ್ಷ ಹಾಗೇ ಇರುತ್ತದೆ ಎಂದು ತಿಳಿಯಬೇಡಿ. ರಸ್ತೆಯಲ್ಲಿ ಹೋಗುವಾಗ ವಾಸನೆ ಹಿಡಿದು ಒಳಗೆ ಬರುವ ಗಿರಾಕಿ ತಪ್ಪುತ್ತಾರೆ. ಕಾಲು ಭಾಗ ಹೋಯಿತು ಅಂತಿಟ್ಟುಕೊಳ್ಳಿ. 12,75,000ದ ಮೇಲೆ ಶೇ 22 ಅಂದರೆ 2,80,500. ನಾಲ್ಕು ತಿಂಗಳ ಪಗಾರ ಮತ್ತು ಕರೆಂಟ್ 82,000. ಗಿರಣಿ ಇಡಲು ಒಳ ಓಣಿಯಲ್ಲಿ ಒಂದು ಶೆಡ್, ತಿಂಗಳಿಗೆ 5,000ದಂತೆ ಐದು ತಿಂಗಳಿಗೆ 25,000. ಕಳೆದರೆ 1,73,500. ವರ್ಷವಿಡೀ ದುಡಿದು ಗಳಿಸುತ್ತಿದ್ದುದಕ್ಕಿಂತ ಇದು ಹೆಚ್ಚೇ. ಸೀಜನ್ ವ್ಯಾಪಾರದಲ್ಲಿ ಸುಮಾರು ಶೇ 29 ಕಳೆದುಕೊಂಡರೂ ನೀವು ಈಗಿನ ಜಾಗದಲ್ಲೇ ಇರುತ್ತೀರಿ, ಅದಕ್ಕಿಂತ ಹೆಚ್ಚು ಹೋದರೆ ಮಾತ್ರ ನಷ್ಟ. ಅಂಗಡಿ ಬಿಡುವ ಮೊದಲು ಪತ್ತೆ ಮಾಡಬೇಕಾದದ್ದು ಇದೊಂದನ್ನೇ: ಸೀಜನ್ನಿನಲ್ಲಿ ಬರುವವರಲ್ಲಿ ಹೆಸರು ಗೊತ್ತಿರುವ, ವರ್ಷಾ ಬರುವ ಮನೆಗಳು ಎಷ್ಟು? ಮುಂದಿನ ಸೀಜನ್ನಿನಲ್ಲಿ ಪ್ರತಿ ಬಿಲ್ಲಿನ ಹಿಂದೆ ಫೋನ್ ನಂಬರ್ ಬರೆಸಿಕೊಳ್ಳಿ. ನೂರಕ್ಕೆ 75 ಗಿರಾಕಿಗಳು ಅಂಥವರಿದ್ದರೆ ಅಂಗಡಿಯ ಕೀಲಿ ಮಾಲೀಕನ ಕೈಗೆ ಕೊಡಿ. ಇಲ್ಲದಿದ್ದರೆ ಇನ್ನೊಂದು ವರ್ಷ ತಡೆಯಿರಿ.

ನಿಮ್ಮದು ಮೊದಲಿನಿಂದಲೂ ಆರ್ಡರಿನ ಕೆಲಸವೇ. ನಮ್ಮ ಕಡೆ ಮನೆತನಗಳು ವರ್ಷದ ಖಾರವನ್ನು ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳುವುದು ಸುಮ್ಮನೆ ಬಂದ ರೂಢಿಯೇನಲ್ಲ. ಹೊಸ ಮೆಣಸಿನಕಾಯಿ ಮಾರುಕಟ್ಟೆ ತುಂಬುವುದು ಜನವರಿಯಿಂದ. ಚೆನ್ನಾಗಿ ಒಣಗಿಸಲು ಬಿಸಿಲು ಸಿಗುವುದು ಮಾರ್ಚ್-ಏಪ್ರಿಲ್‌ನಲ್ಲಿ. ಮುಂಗಾರಿನ ಹಸಿಗಾಳಿ ಬಂದ ಮೇಲೆ ಮೆಣಸಿನಕಾಯಿ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ, ಬೂಸ್ಟು ಹಿಡಿದ ಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ನಾಲ್ಕು ತಿಂಗಳ ಮಿತಿ ಬಿಸಿಲು ಹಾಕಿಕೊಟ್ಟದ್ದು. ಅದರ ಮೇಲೆ ಹನ್ನೆರಡು ತಿಂಗಳ ಅಂಗಡಿಯನ್ನು ಯಾರೋ ಹೊಚ್ಚಿದ್ದಾರೆ.

ಆರ್ಡರ್ ಅಂದಮೇಲೆ ಮುಂಗಡ. ಸಂಕ್ರಮಣ ಮುಗಿದ ಕೂಡಲೇ ಮನೆಮನೆಗೆ ಫೋನ್ ಮಾಡಿ ಎಷ್ಟು ಕಿಲೋ ಬೇಕು ಕೇಳಿ, ಅರ್ಧ ರೊಕ್ಕ ಮುಂಗಡ ತೆಗೆದುಕೊಳ್ಳಿ. 12 ಲಕ್ಷದ ಆರ್ಡರಿಗೆ 6 ಲಕ್ಷ ಬರುತ್ತದೆ. ನಿಮ್ಮ ತಮ್ಮ ಹೇಳಿದ ಸಾಲದಲ್ಲಿ ಮೆಣಸಿನಕಾಯಿ ಖರೀದಿಗೆ ಬೇಕಿದ್ದ ಪಾಲು ಬಡ್ಡಿಯಿಲ್ಲದೆ ಬಂದಂತಾಯಿತು. ಸಾಹುಕಾರನ ಬಾಗಿಲಿಗೆ ಹೋಗದೆ ತಮ್ಮತಮ್ಮಲ್ಲೇ ರೊಕ್ಕ ಕೂಡಿಸಿ ಕೆಲಸ ಸಾಗಿಸುವುದು ಈ ಸೀಮೆಗೆ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಹತ್ತಿರದ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಆಗಲೂ ಇದನ್ನು ಹುಚ್ಚು ಅಂದವರು ಇದ್ದಿರಬೇಕು.

ಮುಂಗಡಕ್ಕೆ ಎರಡು ಕಟ್ಟುಪಾಡು. ಮೊದಲನೆಯದು, ಆ ರೊಕ್ಕ ಬೇರೆ ಬ್ಯಾಂಕ್ ಖಾತೆಯಲ್ಲಿರಲಿ. ಖಾರದ ಡಬ್ಬಿ ಗಿರಾಕಿಯ ಮನೆ ಸೇರುವ ತನಕ ಅದು ನಿಮ್ಮದಲ್ಲ, ಅದರಲ್ಲಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಎಣ್ಣೆ ಬಿಟ್ಟು ಬೇರೇನೂ ಕೊಳ್ಳಬಾರದು. ಎರಡನೆಯದು, “ಈಗ ಕಟ್ಟಿದರೆ ಇಷ್ಟು ಬಡ್ಡಿ, ಹತ್ತು ಕಂತು ಕಟ್ಟಿದರೆ ಒಂದು ಕಂತು ನಮ್ಮದು” ಎಂಬ ಸ್ಕೀಮಿನ ಆಸೆ ಯಾರಿಗೂ ಹಚ್ಚಬೇಡಿ. ಸರಕಿನ ಮುಂಗಡ ಸರಕಿನ ಮುಂಗಡವಾಗಿಯೇ ಇರಲಿ. ಅದಕ್ಕೆ ಬಡ್ಡಿ-ಬೋನಸ್ಸಿನ ಬಣ್ಣ ಹಚ್ಚಿದರೆ ಠೇವಣಿ ಸಂಗ್ರಹದಂತೆ ಕಾಣತೊಡಗುತ್ತದೆ, ಅನಿಯಂತ್ರಿತ ಠೇವಣಿಗಳ ಮೇಲೆ 2019ರಿಂದ ಕಠಿಣ ಕಾನೂನು ಇದೆ.

ದರದ ವಿಚಾರಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಯಾಕೆಂದರೆ ನಿಮ್ಮ ಯೋಜನೆ ಮುರಿದು ಬಿದ್ದರೆ ಬೀಳುವುದು ಇಲ್ಲಿಯೇ. ಜನವರಿಯಲ್ಲಿ ಮುಂಗಡ ತೆಗೆದುಕೊಂಡು ಕಿಲೋಗೆ ಇಂತಿಷ್ಟು ಅಂತ ಮಾತು ಕೊಟ್ಟಿರಿ, ಮೆಣಸಿನಕಾಯಿ ದರ ಮಾರ್ಚಿನಲ್ಲಿ ಏರಿತು ಅಂದರೆ ನೀವು ಮುಳುಗುತ್ತೀರಿ. ಇಳಿಯಿತು ಅಂದರೆ ಗಿರಾಕಿ ನಿಮ್ಮನ್ನು ಕಳ್ಳರನ್ನು ನೋಡಿದ ಹಾಗೆ ನೋಡುತ್ತಾರೆ. ಬ್ಯಾಡಗಿ ಮಾರುಕಟ್ಟೆಯ ದರ ಒಂದೇ ದಿನದಲ್ಲಿ ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂಬುದನ್ನು 2024ರ ಮಾರ್ಚ್ 11ರಂದು ಎಲ್ಲರೂ ಕಂಡರು. ದರ ಕುಸಿದು, ಸಿಟ್ಟಿಗೆದ್ದ ರೈತರು ಎಪಿಎಂಸಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಬಿದ್ದ ದಿನ ಅದು. ಹಿಂದಿನ ವಾರ ಏರು ದರಕ್ಕೆ ಖರೀದಿ ಮಾಡಿಟ್ಟವರ ಗತಿಯನ್ನೂ ನೆನೆಸಿಕೊಳ್ಳಿ. ಈ ಏರಿಳಿತ ಹೊರುವ ತಾಕತ್ತು ವರ್ಷಕ್ಕೆ ಒಂದೂವರೆ ಲಕ್ಷ ಉಳಿಸುವವರಿಗಿಲ್ಲ.

ಅದಕ್ಕೆ ದರ ಮೊದಲೇ ಹೇಳಬೇಡಿ. ಲೆಕ್ಕದ ರೀತಿ ಮೊದಲೇ ಹೇಳಿ. ಮೆಣಸಿನಕಾಯಿ ಖರೀದಿಯ ಪಟ್ಟಿಯಲ್ಲಿ ಇದ್ದಷ್ಟು, ತುಂಬು (ತೊಟ್ಟು) ತೆಗೆದು ಒಣಗಿಸಿದಾಗ ಕಳೆದ ತೂಕದ ಪಾಲು, ಮಸಾಲೆಯ ಖರ್ಚು, ಅದರ ಮೇಲೆ ಕಿಲೋಗೆ ಇಂತಿಷ್ಟು ನಿಮ್ಮ ಕೂಲಿ. ಪಟ್ಟಿಯ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಎಲ್ಲ ಗಿರಾಕಿಗಳಿಗೆ ಕಳಿಸಿ. ಕೊಂಡ ದರ ಗಿರಾಕಿಗೆ ತೋರಿಸಬಾರದು ಎಂಬುದು ಪೇಟೆಯ ಹಳೇ ಕಟ್ಟಳೆ. ನೂರು ಅಂಗಡಿಯ ಸಾಲಿನಲ್ಲಿ ಕೂತು ಚೌಕಾಶಿ ಮಾಡುವವರಿಗೆ ಅದು ಬೇಕು. ಮುಂಗಡ ಕೊಟ್ಟು ಮೂರು ತಿಂಗಳು ಕಾಯುವ ಮನೆಗೆ ಅದು ಬೇಡ, ಅವರಿಗೆ ಬೇಕಾದದ್ದು ಭರವಸೆ.

ಇಲ್ಲೇ ನಿಮ್ಮ ಶೇ 22 ಕೂಡ ಬಿಟ್ಟುಬಿಡಿ. ಮೆಣಸಿನಕಾಯಿ ಕಿಲೋಗೆ 200 ಇದ್ದರೂ 400 ಇದ್ದರೂ ಹುರಿಯುವ ಉರಿ ಅಷ್ಟೇ, ಕುಟ್ಟುವ ಕರೆಂಟ್ ಅಷ್ಟೇ, ನಿಮ್ಮ ಬೆನ್ನುನೋವೂ ಅಷ್ಟೇ. ಶೇಕಡಾ ಲೆಕ್ಕ ಹಿಡಿದರೆ ದರ ಏರಿದ ವರ್ಷ ಗಿರಾಕಿಗೆ ಭಾರ, ದರ ಬಿದ್ದ ವರ್ಷ ನಿಮ್ಮ ಹೊಟ್ಟೆಗೆ ಹೊಡೆತ. ಕಿಲೋಗೆ ಕೂಲಿ ಅಂತ ಗೊತ್ತು ಮಾಡಿಕೊಂಡರೆ ನಿಮ್ಮ ಗಳಿಕೆ ಎಷ್ಟು ಕಿಲೋ ಕುಟ್ಟಿದಿರಿ ಎಂಬುದರ ಮೇಲೆ ನಿಲ್ಲುತ್ತದೆ, ಬ್ಯಾಡಗಿ ಟೆಂಡರಿನ ಮೇಲೆ ನಿಲ್ಲುವುದಿಲ್ಲ. ತುಂಬು, ತೇವ, ಬೀಜ ಸೇರಿ ಎಷ್ಟು ಕಳೆಯುತ್ತದೆ ಎಂಬುದನ್ನು ಮಾತ್ರ ಅಂದಾಜಿನ ಮೇಲೆ ಹೇಳಬೇಡಿ. ಒಂದು ಚೀಲ ತೂಗಿ, ತುಂಬು ಬಿಡಿಸಿ ತೂಗಿ, ಒಣಗಿಸಿ ತೂಗಿ, ಕುಟ್ಟಿ ತೂಗಿ ಬರೆದಿಡಿ. ನೂರು ಕಿಲೋ ತಂದರೆ ನೂರು ಕಿಲೋ ಪುಡಿ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಎಷ್ಟು ಆಗುತ್ತದೆ ಎಂಬುದು ಬರೆದಿಟ್ಟವರಿಗೆ ಮಾತ್ರ ಗೊತ್ತು.

ಖರೀದಿಗೆ ಹೋಗುವಾಗ ಇನ್ನೊಂದು ಮಾತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಆದರೆ ಬ್ಯಾಡಗಿ ಮಾರುಕಟ್ಟೆಗೆ ಬಂದದ್ದೆಲ್ಲ ಆ ತಳಿಯಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯ ಹೈಬ್ರಿಡ್ ಮಾಲು ಅಲ್ಲಿ ರಾಶಿ ರಾಶಿ ಬರುತ್ತದೆ. ಬ್ಯಾಡಗಿಯ ಎರಡು ಬಗೆಯಲ್ಲಿ ಡಬ್ಬಿ ಬೇಕೋ ಕಡ್ಡಿ ಬೇಕೋ, ಬಣ್ಣಕ್ಕೆ ಬ್ಯಾಡಗಿ ಎಷ್ಟು, ಖಾರಕ್ಕೆ ಗುಂಟೂರು ಎಷ್ಟು ಎಂಬುದನ್ನು ಆರ್ಡರ್ ಬರೆಯುವಾಗಲೇ ಕೇಳಿ ಬರೆದುಕೊಳ್ಳಿ. ಕುಂದಗೋಳ, ಅಣ್ಣಿಗೇರಿ ಕಡೆಯ ಒಂದಿಬ್ಬರು ರೈತರ ಗುರುತಿದ್ದರೆ ಒಂದು ಪಾಲು ನೇರ ಅವರಿಂದಲೇ ತೆಗೆದುಕೊಳ್ಳಬಹುದು. ಅಂಗಡಿಯಲ್ಲಿ ಇಂಥ ಮಾತಿಗೆ ಸಮಯ ಎಲ್ಲಿತ್ತು?

ಉದ್ರಿಗೆ ಬರೋಣ. ಶೇ 22 ಉಳಿತಾಯದ ವ್ಯಾಪಾರದಲ್ಲಿ 10,000 ಮುಳುಗಿದರೆ ಅದನ್ನು ತುಂಬಿಕೊಳ್ಳಲು 45,000ಕ್ಕೂ ಹೆಚ್ಚಿನ ಸರಕು ಹೊಸದಾಗಿ ಮಾರಬೇಕು. ನಿಮ್ಮ 2.30 ಲಕ್ಷ ಅಂದರೆ ಒಂದೂವರೆ ವರ್ಷದ ಗಳಿಕೆ ಬೇರೆಯವರ ಗಲ್ಲೆಯಲ್ಲಿದೆ. “ಖಾನಾವಳಿಗೆ ಉದ್ರಿ ಕೊಡದಿದ್ರ ಮಾಲು ಯಾರು ಒಯ್ತಾರ್ರೀ” ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿರಬೇಕು. ಒಯ್ಯದಿದ್ದರೆ ಒಯ್ಯದಿರಲಿ, ಕೊಟ್ಟು ಕಳೆದುಕೊಳ್ಳುವುದಕ್ಕಿಂತ ಮಾಲು ಮನೆಯಲ್ಲಿರುವುದು ಲೇಸು. ಆದರೆ ಒಮ್ಮೆಲೇ ಬಂದ್ ಎಂದರೆ ಹಳೇ ಬಾಕಿಯೂ ಹೋಗುತ್ತದೆ, ಹಾಗೆ ಮಾಡಬೇಡಿ. ಹಳೇ ಬಾಕಿಯನ್ನು ಒಂದು ಚೀಟಿಯಲ್ಲಿ ಬರೆದು ಅವರ ಸಹಿ ಹಾಕಿಸಿ, ವಾರಕ್ಕೆ ಇಂತಿಷ್ಟು ಅಂತ ಕಂತು ಮಾಡಿ. ಹೊಸ ಮಾಲು ನಗದಿಗೆ ಮಾತ್ರ. ಕಂತು ತಪ್ಪಿದ ವಾರ ಮಾಲು ಇಲ್ಲ.

ದೊಡ್ಡ ಹೋಟೆಲು, ಕೇಟರಿಂಗ್‌ನವರು ಬಾಕಿಯಿದ್ದರೆ ನಿಮ್ಮ ಬಳಿ ಬೇರೆ ಆಯುಧವಿದೆ. ಸಣ್ಣ ಉದ್ದಿಮೆಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ಆನ್‌ಲೈನಿನಲ್ಲಿ, ಪುಕ್ಕಟೆ. ನೀವು ಕೊಂಡು ಮಾರುವವರಲ್ಲ, ತಯಾರಿಸುವವರು, ಹಾಗಾಗಿ 2006ರ ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ನಿಮಗಿದೆ. ಲಿಖಿತ ಕರಾರು ಇಲ್ಲದಿದ್ದರೆ 15 ದಿನ, ಇದ್ದರೆ ಎಷ್ಟೇ ಬರೆದುಕೊಂಡಿದ್ದರೂ 45 ದಿನದೊಳಗೆ ರೊಕ್ಕ ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರಿಂದ ಇನ್ನೊಂದು ಬಿಗಿ ಸೇರಿದೆ. ಇಂಥ ಬಾಕಿಯನ್ನು ಅವಧಿಯೊಳಗೆ ತೀರಿಸದ ಕೊಳ್ಳುಗ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆಯಲ್ಲಿ ತೋರಿಸಿಕೊಳ್ಳಲಾರ. ಕೋರ್ಟು-ಕಚೇರಿಗೆ ಹೋಗುವ ಮೊದಲು ಅವರ ಲೆಕ್ಕ ನೋಡುವ ಆಡಿಟರಿಗೆ ಇದನ್ನು ತಿಳಿಸಿ ನೋಡಿ, ಹೋಟೆಲ್ ಮಾಲೀಕರಿಗಿಂತ ಅವರಿಗೆ ಬೇಗ ಅರ್ಥವಾಗುತ್ತದೆ. ನಾಲ್ಕು ಮೇಜಿನ ಖಾನಾವಳಿಗೆ ಮಾತ್ರ ಈ ಆಯುಧ ಎತ್ತಬೇಡಿ. ಅವರ ಸ್ಥಿತಿಯೂ ನಿಮ್ಮದರ ಹಾಗೆಯೇ ಇರುತ್ತದೆ, ಕಂತೇ ಸಾಕು.

ಈಗ ಸ್ಕ್ಯಾನರ್. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬಹಳ ಮಂದಿ ಸ್ಕ್ಯಾನರ್ ತೆಗೆದು “ನಗದು ಮಾತ್ರ” ಎಂದು ಬರೆದು ಅಂಟಿಸಿದರು. ನಿಮ್ಮ ಹೆದರಿಕೆ ಅಲ್ಲಿಂದ ಬಂದದ್ದು ಅನಿಸುತ್ತದೆ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನಿಮ್ಮದು 26, ಇನ್ನೂ ಕಡಿಮೆಯಾಗಲಿದೆ. ಆ ಮಿತಿ ನಗದನ್ನೂ ಎಣಿಸುತ್ತದೆ. ಸ್ಕ್ಯಾನರ್ ತೆಗೆದರೆ ವ್ಯಾಪಾರವೇನೂ ಮಾಯವಾಗುವುದಿಲ್ಲ, ನಿಮ್ಮ ಕೈಲಿರುವ ಸಾಕ್ಷಿ ಮಾತ್ರ ಮಾಯವಾಗುತ್ತದೆ.

ತೊಂದರೆ ಬರುವುದು ಕಲಬೆರಕೆಯಿಂದ. ಒಂದೇ ಖಾತೆಗೆ ಖಾರದ ರೊಕ್ಕ, ಮಗನ ಪಗಾರ, ಭಿಶಿಯ (ಚೀಟಿಯ) ಹಣ, ತಂಗಿ ಕೊಟ್ಟ ಕೈಗಡ ಎಲ್ಲ ಬಿದ್ದರೆ ಇಲಾಖೆಗೆ ಅದೆಲ್ಲ ವ್ಯಾಪಾರವಾಗಿ ಕಾಣುತ್ತದೆ. ನಿಮ್ಮ ಹೊಸ ಪದ್ಧತಿಯಲ್ಲಿ ಇದು ಇನ್ನೂ ಸೂಕ್ಷ್ಮ. ಮುಂಗಡ ಜಮಾ ಆಗುತ್ತದೆ, ಯಾರೋ ಆರ್ಡರ್ ರದ್ದು ಮಾಡಿದರೆ ವಾಪಸು ಹೋಗುತ್ತದೆ. ಜಮಾದ ಒಟ್ಟು ಮೊತ್ತ ನಿಜವಾದ ವ್ಯಾಪಾರಕ್ಕಿಂತ ಹೆಚ್ಚೇ ಕಾಣುತ್ತದೆ. ಯಾವುದು ಮುಂಗಡ, ಯಾವುದು ವಾಪಸು ಎಂದು ತೋರಿಸುವುದು ನೀವು ಬೇಡ ಅಂದ ಆ ಪುಸ್ತಕವೇ. ಒಂದು ಆರ್ಡರ್ ಪುಸ್ತಕ ಸಾಕು: ಹೆಸರು, ಫೋನ್, ಎಷ್ಟು ಕಿಲೋ, ಯಾವ ಮೆಣಸಿನಕಾಯಿ, ಮುಂಗಡ, ಕೊಟ್ಟ ದಿನ, ಉಳಿದ ರೊಕ್ಕ ಬಂದ ದಿನ. ಜೊತೆಗೆ ದಿನದ ಕಿರ್ದಿ. ಆದಾಯ ತೆರಿಗೆಯ ಅಂದಾಜು ಲಾಭದ ಪದ್ಧತಿಯಲ್ಲಿ ನಗದು ವ್ಯಾಪಾರಕ್ಕೆ ಶೇ 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6 ಲಾಭ ಹಿಡಿಯುತ್ತಾರೆ, ಅಲ್ಲಿಯೂ ನಗದಿನಿಂದ ನಿಮಗೆ ಉಪಯೋಗವಿಲ್ಲ.

ಉಳಿದ ಕಾನೂನು ಚಿಕ್ಕದು, ಬಿಡುವಂಥದ್ದಲ್ಲ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐನಲ್ಲಿ ನಿಮ್ಮ ವ್ಯಾಪಾರದ ಗಾತ್ರಕ್ಕೆ ತಕ್ಕ ನೋಂದಣಿ ಅಥವಾ ಲೈಸೆನ್ಸ್ ಇರಲೇಬೇಕು, ಶೆಡ್‌ಗೆ ಹೋದರೆ ಆ ವಿಳಾಸಕ್ಕೆ ಮಾಡಿಸಿ. ಮಹಾನಗರ ಪಾಲಿಕೆಯ ಪರವಾನಗಿಯೂ ಹಾಗೇ. ಗಿರಣಿಯನ್ನು ಮನೆಯ ಮೀಟರಿನ ಮೇಲೆ ಓಡಿಸಬೇಡಿ, ವಿದ್ಯುತ್ ಕಂಪನಿ ಹೆಸ್ಕಾಂನಿಂದ ಬೇರೆ ಸಂಪರ್ಕ ತೆಗೆದುಕೊಳ್ಳಿ. ಶೆಡ್ ಹುಡುಕುವಾಗ ಘಾಟಿನ ವಿಚಾರ ಮರೆಯಬೇಡಿ. ಖಾರ ಹುರಿದಾಗ ಸೀನುವ ನೆರೆಹೊರೆಯವರ ಒಂದು ದೂರು ಇಡೀ ಸೀಜನ್ನನ್ನು ನುಂಗಬಲ್ಲದು. ಮುಂಚೆಯೇ ತುಂಬಿ ಸೀಲು ಮಾಡಿದ ಪಾಕೀಟಿನ ಮೇಲೆ ತಯಾರಕರ ಹೆಸರು-ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು, ಎಂಆರ್‌ಪಿ ಎಲ್ಲ ಇರಬೇಕು. ಗಿರಾಕಿಯ ಎದುರಿಗೇ ತೂಗಿ ಅವರದೇ ಡಬ್ಬಿಗೆ ಹಾಕಿಕೊಟ್ಟರೆ ಅದು ಪಾಕೀಟಿನ ನಿಯಮಕ್ಕೆ ಬರುವುದಿಲ್ಲ, ಆದರೆ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಾ ಮುದ್ರೆ ಹಾಕಿಸಬೇಕು. ಕಣ್ಣೆದುರಿಗೆ ಕುಟ್ಟಿ ತೂಗುವುದಕ್ಕೆ ಇನ್ನೊಂದು ಲಾಭವಿದೆ. ಖಾರಪುಡಿಗೆ ಸುಡಾನ್ ಎಂಬ ನಿಷೇಧಿತ ಬಣ್ಣ ಬೆರೆಸುವ ದಂಧೆಯ ಸುದ್ದಿ ಓದಿದ ಗಿರಾಕಿಗೆ ಯಾವ ಆಫರಿಗಿಂತ ಅದು ಹೆಚ್ಚು.

ಆ್ಯಪ್ ಬಗ್ಗೆ ಉದ್ದ ಹೇಳುವುದಿಲ್ಲ. ಅವರ ಕಮಿಷನ್ ಸಾಮಾನ್ಯವಾಗಿ ನೂರಕ್ಕೆ 20ರ ಆಸುಪಾಸು ಅಥವಾ ಮೇಲೇ. ನಿಮಗೆ ಉಳಿಯುವುದು 22. ಸಾಲ ಮಾತ್ರ ಯಾವತ್ತೂ ಬೇಡ ಅನ್ನಲಾರೆ. ಗಿರಣಿ ಬದಲಿಸುವ ಕಾಲ ಬಂದರೆ ಮುದ್ರಾ ಸಾಲ ಕೇಳಬಹುದು, ಜಾಮೀನು ಬೇಡ. ಆದರೆ ನಾಲ್ಕು ತಿಂಗಳು ಗಳಿಸುವವರು ಹನ್ನೆರಡು ತಿಂಗಳ ಇಎಂಐ ಒಪ್ಪಿಕೊಂಡರೆ ಸೆಪ್ಟೆಂಬರಿನಲ್ಲಿ ಕಿವಿಯೋಲೆ ಅಡವಿಗೆ ಹೋಗುತ್ತದೆ. ಮರುಪಾವತಿ ಸೀಜನ್ನಿಗೆ ಹೊಂದುವಂತೆ ಬರೆದುಕೊಡಲು ಮ್ಯಾನೇಜರಿಗೆ ಮೊದಲೇ ಕೇಳಿ.

ಎಂಟು ತಿಂಗಳ ಬಾಗಿಲು ಅರ್ಧ ಸರಿ ಅಂದದ್ದು ಎರಡು ಕಾರಣಕ್ಕೆ. ಒಂದು, ಆ ಇಬ್ಬರು ಹೆಣ್ಣುಮಕ್ಕಳು. ನಿಮ್ಮ ಪತ್ರದಲ್ಲಿ ಅವರು ಖರ್ಚಿನ ಸಾಲಿನಲ್ಲಿ ಮಾತ್ರ ಬಂದಿದ್ದಾರೆ. ನಿಮಗೆ ಎಂಟು ತಿಂಗಳ ಬಿಡುವು ಅಂದರೆ ಅವರಿಗೆ ಎಂಟು ತಿಂಗಳು ಪಗಾರ ಇಲ್ಲ, ಮುಂದಿನ ಫೆಬ್ರುವರಿಗೆ ಅವರು ನಿಮ್ಮ ಹತ್ತಿರ ಬರುತ್ತಾರೆಂಬ ಖಾತ್ರಿಯೂ ಇಲ್ಲ. ಹುರಿಯುವ ಹದ ಅವರ ಕೈಯಲ್ಲಿದೆ, ಅದನ್ನು ಕಳೆದುಕೊಂಡರೆ ಗಿರಾಕಿಯೂ ಹೋದಂತೆ. ನಿರ್ಧಾರ ಮಾಡುವ ಮೊದಲು ಅವರಿಬ್ಬರನ್ನೂ ಕೂಡಿಸಿಕೊಂಡು ಮಾತಾಡಿ. ಪಗಾರದ ಬದಲು ಸೀಜನ್ನಿನಲ್ಲಿ ಕಿಲೋ ಲೆಕ್ಕದ ಕೂಲಿಯಲ್ಲಿ ಅವರದೊಂದು ಪಾಲು ಗೊತ್ತು ಮಾಡಿದರೆ ನಾಲ್ಕು ತಿಂಗಳ ಗಳಿಕೆ ಏರುತ್ತದೆ. ಅವರು ಒಪ್ಪಿದರೆ ಮಾತ್ರ.

ಎರಡು, ನಮ್ಮ ಪಂಚಾಂಗದಲ್ಲಿ ಖಾರದ ಸೀಜನ್ ಒಂದೇ ಇಲ್ಲ. ಶ್ರಾವಣದಲ್ಲಿ ನಾಗರ ಪಂಚಮಿ. ಶೇಂಗಾ ಉಂಡಿ, ಎಳ್ಳಿನ ಉಂಡಿ, ಅಳ್ಳಿಟ್ಟು ಈಗ ಎಷ್ಟು ಮನೆಯಲ್ಲಿ ಮಾಡುತ್ತಾರೆ? ಮಾಡಲು ಪುರಸೊತ್ತಿಲ್ಲ, ಬೀಗರ ಮನೆಗೆ ಕೊಡದೆ ಇರಲಿಕ್ಕೂ ಆಗುವುದಿಲ್ಲ. ದೀಪಾವಳಿಗೆ ಕರ್ಚಿಕಾಯಿ, ಚಕ್ಕಲಿ. ಎಳ್ಳ ಅಮಾವಾಸ್ಯೆ, ಸಂಕ್ರಮಣಕ್ಕೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ಒಂದೊಂದಕ್ಕೂ ಹತ್ತು-ಹನ್ನೆರಡು ದಿನದ ಕೆಲಸ, ಅದೇ ಆರ್ಡರ್ ಪುಸ್ತಕ, ಅದೇ ಅರ್ಧ ಮುಂಗಡ, ಅದೇ ಗಿರಾಕಿಗಳು. ಖಾರ ಒಯ್ದ ಮನೆಗೆ ನಡುವೆ ಮೂರು ಸಲ ನಿಮ್ಮ ಹೆಸರು ಮುಟ್ಟುತ್ತದೆ, ಹೆಣ್ಣುಮಕ್ಕಳಿಗೂ ಕೈಗೆ ಕಾಸು ಸಿಗುತ್ತದೆ. ಶೆಡ್ ಐದು ತಿಂಗಳ ಬದಲು ವರ್ಷಕ್ಕೇ ತೆಗೆದುಕೊಳ್ಳಬೇಕಾಗುತ್ತದೆ, ಅಂದರೆ 35,000 ಹೆಚ್ಚು. ಮೂರು ಹಬ್ಬದ ಕೂಲಿ ಸೇರಿ ಅದಕ್ಕಿಂತ ಹೆಚ್ಚು ಬರುವಂತಿದ್ದರೆ ಮಾತ್ರ ಇದಕ್ಕೆ ಕೈಹಾಕಿ, ಇಲ್ಲದಿದ್ದರೆ ಮೊದಲ ವರ್ಷ ಪಂಚಮಿಯೊಂದನ್ನೇ ಮನೆಯ ಅಡುಗೆಮನೆಯಲ್ಲಿ ಮಾಡಿ ನೋಡಿ. ಆ ವಿಳಾಸಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್ ಇರಬೇಕು ಎಂಬುದು ನೆನಪಿರಲಿ.

ಇನ್ನು ನಿಮ್ಮ ಯಜಮಾನರ ಬೋರ್ಡಿನ ಮಾತು. ನಗಬೇಡಿ, ಅದರಲ್ಲಿ ಹುರುಳಿದೆ. ಬೀಗತನದ ಮಾತುಕತೆಯಲ್ಲಿ “ಅಂಗಡಿ ಐತಿ” ಅನ್ನುವುದಕ್ಕೂ “ಆರ್ಡರ್ ತಗೋತೇವಿ” ಅನ್ನುವುದಕ್ಕೂ ತೂಕ ಬೇರೆ, ಈ ಸೀಮೆಯಲ್ಲಿ ಅದು ಬೇಗ ಬದಲಾಗುವುದಿಲ್ಲ. ಅಂಗಡಿ ಬಿಟ್ಟರೂ ಬೋರ್ಡ್ ಬಿಡಬೇಕೆಂದೇನೂ ಇಲ್ಲ. ಅದನ್ನೇ ತಂದು ಶೆಡ್ಡಿನ ಬಾಗಿಲ ಮೇಲೆ ಹಾಕಿ, ಕೆಳಗೆ ಫೋನ್ ನಂಬರ್ ಬರೆಸಿ. ಹಳೇ ಅಂಗಡಿಯ ಶಟರ್ ಮೇಲೆಯೂ ಹೊಸ ವಿಳಾಸದ ಚೀಟಿ ಮೂರು ತಿಂಗಳು ಇರಲಿಕ್ಕೆ ಮಾಲೀಕರ ಒಪ್ಪಿಗೆ ಕೇಳಿ, ಡಿಪಾಸಿಟ್ ವಾಪಸು ಮಾತಾಡುವಾಗಲೇ ಕೇಳಿದರೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಬಾಡಿಗೆ ಕರಾರಿನಲ್ಲಿ ಎಷ್ಟು ತಿಂಗಳ ನೋಟಿಸ್ ಬರೆದಿದೆ ಎಂದು ಈ ವಾರವೇ ನೋಡಿ. ಮೂರು ತಿಂಗಳು ಅಂತಿದ್ದರೆ, ಮೇ ಕಡೆಗೆ ಅಂಗಡಿ ಬಿಡಲು ಫೆಬ್ರುವರಿಯಲ್ಲೇ ಬರೆದುಕೊಡಬೇಕು. ಅದು ಸೀಜನ್ ಶುರುವಾಗುವ ಹೊತ್ತು, ಆ ಗದ್ದಲದಲ್ಲಿ ಮರೆತು ಜೂನ್, ಜುಲೈ, ಆಗಸ್ಟಿನ ಬಾಡಿಗೆ ಕಟ್ಟಿದವರನ್ನು ನಾನು ಕಂಡಿದ್ದೇನೆ.